ಒಂದು ಪಟ್ಟ, ಇಬ್ಬರು ವಾರಸುದಾರರು: ಸ್ಕಾಟ್ಲೆಂಡಿನ ಮಾರ್ ಅರ್ಲ್ ಪದವಿಯ ಕಥೆ

ಪ್ರಶ್ನೆ: ಬ್ರಿಟನ್ನಿನ ಸಂಸತ್ತಿನ ಬಗ್ಗೆ ಓದುತ್ತಿದ್ದಾಗ 'ಕೌಂಟೆಸ್ ಆಫ್ ಮಾರ್' ಎಂಬ ಮಹಿಳೆಯ ಹೆಸರು ಕಂಡಿತು. ಅದೇ ಕಾಲದಲ್ಲಿ 'ಅರ್ಲ್ ಆಫ್ ಮಾರ್ ಅಂಡ್ ಕೆಲ್ಲಿ' ಎಂಬ ಇನ್ನೊಬ್ಬರೂ ಅಲ್ಲೇ ಸದಸ್ಯರಾಗಿದ್ದರು. ಅವರು ಗಂಡ ಹೆಂಡತಿ ಅಲ್ಲವಂತೆ. ಹಾಗಿದ್ದರೆ ಒಂದೇ ಹೆಸರಿನ ಪಟ್ಟ ಇಬ್ಬರಿಗೆ ಹೇಗೆ ಬಂತು? ಹೆಣ್ಣುಮಕ್ಕಳಿಗೂ ಇಂಥ ಪಟ್ಟ ಬರುತ್ತದೆಯೇ? ಇನ್ನೊಂದು ಗೊಂದಲ, ಈ ಮನೆತನದ ಹಳಬರ ಹೆಸರಿನ ಜೊತೆ '23ನೇ ಮತ್ತು 6ನೇ ಅರ್ಲ್' ಅಂತ ಎರಡೆರಡು ಸಂಖ್ಯೆ ಬರೆದಿರುತ್ತಾರೆ. ಯಾಕೆ?

ಉತ್ತರ: ನಿಮ್ಮ ಮೂರೂ ಪ್ರಶ್ನೆಗಳ ಬೇರು ಒಂದೇ. ಮಾರ್ ಪಟ್ಟ ಹೆಣ್ಣಿನ ಕಡೆಯಿಂದ ಇಳಿದು ಬರುತ್ತದೆಯೋ, ಗಂಡಿನ ಕಡೆಯಿಂದ ಮಾತ್ರವೋ ಎಂಬ ಜಗಳ ಅದು. ಅರ್ಲ್ ಅಂದರೆ ಬ್ರಿಟನ್ನಿನ ಗಣ್ಯರ ಒಂದು ದರ್ಜೆ, ಹೆಣ್ಣಾದರೆ ಕೌಂಟೆಸ್. 1866ರಲ್ಲಿ ಒಬ್ಬ ಅರ್ಲ್ ಮಕ್ಕಳಿಲ್ಲದೆ ತೀರಿಕೊಂಡರು. ಒಂದು ಕಡೆ ಅವರ ಸೋದರಳಿಯ, ಇನ್ನೊಂದು ಕಡೆ ಅವರ ದಾಯಾದಿ. ಇಬ್ಬರೂ 'ಪಟ್ಟ ನನ್ನದು' ಅಂದರು. ಹತ್ತೊಂಬತ್ತು ವರ್ಷ ಎಳೆದಾಡಿ, ಕೊನೆಗೆ ಸಂಸತ್ತು ಇಬ್ಬರಿಗೂ ಒಂದೊಂದು ಪಟ್ಟ ಇದೆ ಅಂತ ಕಾಯ್ದೆ ಮಾಡಿತು. ಚಿಕ್ಕ ಉತ್ತರ ಇಷ್ಟೇ. ಆದರೆ ಅಲ್ಲಿಗೆ ಬಂದದ್ದು ಹೇಗೆ ಅನ್ನುವುದೇ ನಿಜವಾದ ಕಥೆ. ಅದಕ್ಕೆ ಸುಮಾರು ಆರು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮಾರ್ ಅನ್ನುವುದು ಸ್ಕಾಟ್ಲೆಂಡಿನ ಈಶಾನ್ಯದಲ್ಲಿರುವ ಸೀಮೆ. ಇವತ್ತಿನ ಅಬರ್ಡೀನ್‌ಶೈರ್‌ನಲ್ಲಿ ಡೀ ಮತ್ತು ಡಾನ್ ನದಿಗಳ ನಡುವಿನ ಪ್ರದೇಶ. ಅರ್ಲ್ ಅನ್ನುವ ಹೆಸರು ಬರುವುದಕ್ಕೂ ಮೊದಲು ಇಲ್ಲಿನ ಒಡೆಯನನ್ನು 'ಮೋರ್ಮೇರ್' ಎನ್ನುತ್ತಿದ್ದರು. 1014ರಲ್ಲಿ ಐರ್ಲೆಂಡಿನ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತವರ ಪೈಕಿ ಮಾರ್‌ನ ಮೋರ್ಮೇರ್ ಒಬ್ಬನ ಹೆಸರಿದೆ. ಅಷ್ಟು ಹಳೆಯದು ಇದು. 12ನೇ ಶತಮಾನದ ಮೊದಲ ಭಾಗದ ಸನದುಗಳಲ್ಲಿ ರುಆದ್ರಿ ಎಂಬ ಒಡೆಯನ ಹೆಸರು ಸಿಗುತ್ತದೆ. ಪಟ್ಟದ ಎಣಿಕೆ ಸಾಮಾನ್ಯವಾಗಿ ಅವನಿಂದಲೇ ಶುರು.

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಆ ಕಾಲದಲ್ಲಿ ಪಟ್ಟ ಬೇರೆ, ಜಮೀನು ಬೇರೆ ಅಂತ ಇರಲಿಲ್ಲ. ಸೀಮೆ ಯಾರ ಕೈಯಲ್ಲಿದೆಯೋ ಅವರೇ ಅರ್ಲ್. ಗಂಡು ಮಗ ಇಲ್ಲದಿದ್ದರೆ ಸೀಮೆ ಮಗಳಿಗೋ ತಂಗಿಗೋ ಹೋಗುತ್ತಿತ್ತು. ಸೀಮೆಯ ಜೊತೆಗೇ ಪಟ್ಟವೂ ಹೋಗುತ್ತಿತ್ತು. ಅವಳನ್ನು ಮದುವೆಯಾದವನು ಹೆಂಡತಿಯ ಹಕ್ಕಿನಿಂದ ಅರ್ಲ್ ಅನ್ನಿಸಿಕೊಳ್ಳುತ್ತಿದ್ದ. ಈಗಿನ ಹಾಗೆ 'ಈ ಬಿರುದು ನಿನಗೆ, ನಿನ್ನ ಗಂಡು ಸಂತತಿಗೆ ಮಾತ್ರ' ಅಂತ ರಾಜ ಬರೆದುಕೊಡುವ ಪತ್ರಗಳು ಬಂದದ್ದು ಆಮೇಲೆ.

ಮಾರ್‌ನಲ್ಲಿ ಇದೇ ಆಯಿತು. ಅರ್ಲ್ ಡೊನಾಲ್ಡ್ 1332ರಲ್ಲಿ ರೀಜೆಂಟ್, ಅಂದರೆ ರಾಜನ ಪರವಾಗಿ ರಾಜ್ಯ ನಡೆಸುವವನು, ಆಗಿದ್ದಾಗಲೇ ಡಪ್ಲಿನ್ ಮೂರ್ ಯುದ್ಧದಲ್ಲಿ ಸತ್ತ. ಅವನ ಮಗ ಥಾಮಸ್‌ಗೆ ಮಕ್ಕಳಾಗಲಿಲ್ಲ. ಅವನ ನಂತರ ಸೀಮೆ ತಂಗಿ ಮಾರ್ಗರೆಟ್‌ಗೆ ಬಂತು. ಅವಳ ಗಂಡ ಡಗ್ಲಸ್ ಮನೆತನದ ಅರ್ಲ್ ವಿಲಿಯಂ. ಅವರ ಮಗ ಜೇಮ್ಸ್ 1388ರಲ್ಲಿ ಆಟರ್‌ಬರ್ನ್ ಯುದ್ಧದಲ್ಲಿ ಸತ್ತ. ಉಳಿದವಳು ಮಗಳು ಇಸಬೆಲ್. ಹೀಗೆ ಇಸಬೆಲ್ ಮಾರ್‌ನ ಕೌಂಟೆಸ್ ಆದಳು, ತನ್ನ ಸ್ವಂತ ಹಕ್ಕಿನಿಂದ. ಈ ಇಡೀ ಕಥೆಯಲ್ಲಿ ಒಬ್ಬರ ಹೆಸರು ಮಾತ್ರ ನೆನಪಿಟ್ಟುಕೊಳ್ಳಿ ಅಂದರೆ ನಾನು ಇಸಬೆಲ್ ಹೆಸರನ್ನೇ ಹೇಳುತ್ತೇನೆ.

ಇಸಬೆಲ್‌ಳ ಮೊದಲ ಗಂಡ ಸರ್ ಮಾಲ್ಕಂ ಡ್ರಮಂಡ್. 1402ರ ಸುಮಾರಿಗೆ ಯಾರೋ ಅವನನ್ನು ಹಿಡಿದು ಕೂಡಿಹಾಕಿದರು. ಅವನು ಸೆರೆಯಲ್ಲೇ ಸತ್ತ. ಆಗ ಮೇಲೆ ಬಿದ್ದವನು ಅಲೆಕ್ಸಾಂಡರ್ ಸ್ಟುವರ್ಟ್. ಇವನ ತಂದೆ ರಾಜ 2ನೇ ರಾಬರ್ಟನ ಮಗ, 'ಬೇಡನಾಕ್‌ನ ತೋಳ' ಅಂತಲೇ ಕುಖ್ಯಾತ. ಅಲೆಕ್ಸಾಂಡರ್ ಅವನಿಗೆ ಮದುವೆಯ ಹೊರಗೆ ಹುಟ್ಟಿದ ಮಗ. ಡ್ರಮಂಡ್ ಸಾವಿನ ಹಿಂದೆಯೂ ಇವನ ಕೈ ಇತ್ತು ಎಂಬ ಅನುಮಾನ ಆಗಲೇ ಇತ್ತು. 1404ರಲ್ಲಿ ಇವನು ದಂಡು ಕಟ್ಟಿಕೊಂಡು ಬಂದು ಇಸಬೆಲ್ ಇದ್ದ ಕಿಲ್‌ಡ್ರಮ್ಮಿ ಕೋಟೆಯನ್ನು ಹಿಡಿದ. ಆಗಸ್ಟ್ 12ರಂದು ಅವಳಿಂದ ಒಂದು ಸನದು ಬರೆಸಿಕೊಂಡ. ಅದರ ಪ್ರಕಾರ ಅವಳು ಇವನನ್ನು ಮದುವೆಯಾಗುತ್ತಾಳೆ. ಇಬ್ಬರಿಗೂ ಮಕ್ಕಳಾಗದಿದ್ದರೆ ಸೀಮೆ ಅಲೆಕ್ಸಾಂಡರನ ವಾರಸುದಾರರಿಗೇ ಹೋಗುತ್ತದೆ. ಅಂದರೆ ಇಸಬೆಲ್‌ಳ ರಕ್ತಸಂಬಂಧಿಗಳಿಗೆ ಏನೂ ಇಲ್ಲ.

ಇಂಥ ಪತ್ರ ನಿಲ್ಲುವುದಿಲ್ಲ ಅಂತ ಅವನಿಗೂ ಬೇಗ ಗೊತ್ತಾಯಿತು. ಬಲವಂತದಿಂದ ಬರೆಸಿಕೊಂಡದ್ದು ಅಂತ ಯಾರು ಬೇಕಾದರೂ ಹೇಳಬಹುದಿತ್ತು, ರಾಜನ ಒಪ್ಪಿಗೆಯೂ ಇರಲಿಲ್ಲ. ಹಾಗಾಗಿ ಸೆಪ್ಟೆಂಬರ್ 9ರಂದು ಕಿಲ್‌ಡ್ರಮ್ಮಿ ಕೋಟೆಯ ಹೊರಗೆ ಒಂದು ಸಭೆ ಸೇರಿತು. ರಾಸ್‌ನ ಬಿಷಪ್ ಬಂದಿದ್ದರು. ಸುತ್ತಲಿನ ಜಮೀನುದಾರರು, ಸೀಮೆಯ ಒಕ್ಕಲು ಮಕ್ಕಳು ಎಲ್ಲರೂ ನೆರೆದಿದ್ದರು. ಎಲ್ಲರ ಎದುರು ಅಲೆಕ್ಸಾಂಡರ್ ಕೋಟೆಯ ಬೀಗದ ಕೈಗಳನ್ನು ಇಸಬೆಲ್‌ಳ ಕೈಗೆ ಒಪ್ಪಿಸಿದ. ಒಳಗಿದ್ದ ಹಕ್ಕುಪತ್ರಗಳು, ಬೆಳ್ಳಿ ಪಾತ್ರೆಗಳು, ಸಾಮಾನು ಸರಂಜಾಮು ಎಲ್ಲ ನಿನ್ನದೇ, ನಿನಗೆ ಇಷ್ಟ ಬಂದ ಹಾಗೆ ಮಾಡು ಅಂದ. ಬೀಗದ ಕೈಗಳನ್ನು ಹಿಡಿದುಕೊಂಡೇ ಅವಳು, ನನ್ನ ಸ್ವಂತ ಇಚ್ಛೆಯಿಂದ ಇವನನ್ನು ಗಂಡನನ್ನಾಗಿ ಆರಿಸಿಕೊಳ್ಳುತ್ತೇನೆ ಎಂದಳು. ಅವತ್ತು ಅವಳಿಗೆ ಎಷ್ಟು ಸ್ವಾತಂತ್ರ್ಯ ಇತ್ತು ಅಂತ ನೀವೇ ಯೋಚಿಸಿ. ಆದರೂ ಅವಳು ಒಂದು ದೊಡ್ಡ ಕೆಲಸ ಮಾಡಿಸಿಕೊಂಡಳು. ಹೊಸ ಸನದಿನಲ್ಲಿ ಷರತ್ತು ಬದಲಾಯಿತು. ಅಲೆಕ್ಸಾಂಡರ್ ಬದುಕಿರುವವರೆಗೆ ಸೀಮೆ ಅವನ ಕೈಯಲ್ಲಿರಲಿ. ಇಬ್ಬರಿಗೂ ಮಕ್ಕಳಾಗದಿದ್ದರೆ ಅದು ಇಸಬೆಲ್‌ಳ ನ್ಯಾಯವಾದ ವಾರಸುದಾರರಿಗೆ ವಾಪಸ್ ಬರಬೇಕು. ಮರುವರ್ಷ ರಾಜ 3ನೇ ರಾಬರ್ಟ್ ಇದಕ್ಕೆ ಮುದ್ರೆ ಒತ್ತಿದ.

ಈ ಒಂದು ಸಾಲು, 'ಇಸಬೆಲ್‌ಳ ವಾರಸುದಾರರಿಗೆ', ಮುಂದೆ ನಾಲ್ಕು ಶತಮಾನಗಳಿಗೂ ಜಾಸ್ತಿ ಕಾಲ ಕೆಲಸ ಮಾಡಿತು.

ಇಸಬೆಲ್ 1408ರಲ್ಲಿ ತೀರಿಕೊಂಡಳು. ಅಲೆಕ್ಸಾಂಡರ್ ಒಳ್ಳೆಯ ದಂಡನಾಯಕ ಅಂತ ಹೆಸರು ಮಾಡಿದ. 1411ರ ಹಾರ್ಲಾ ಯುದ್ಧದಲ್ಲಿ ರಾಜನ ಕಡೆಯ ಸೇನೆಗೆ ಅವನೇ ಮುಂದಾಳು. 1426ರಲ್ಲಿ ಅವನು ಪಟ್ಟವನ್ನು ರಾಜ 1ನೇ ಜೇಮ್ಸನಿಗೆ ಒಪ್ಪಿಸಿ, ತನಗೆ, ಆಮೇಲೆ ತನ್ನ ಮಗನಿಗೆ, ಅವನ ಸಂತತಿ ನಿಂತರೆ ರಾಜನಿಗೆ ಅಂತ ಹೊಸದಾಗಿ ಬರೆಸಿಕೊಂಡ. ತನ್ನದಲ್ಲದ ಆಸ್ತಿಯನ್ನು ಹೀಗೆ ಕೊಡಲು ಅವನಿಗೆ ಏನು ಹಕ್ಕಿತ್ತು? ನನ್ನ ಪ್ರಕಾರ ಏನೂ ಇರಲಿಲ್ಲ. ಮಗ ಅವನಿಗಿಂತ ಮೊದಲೇ ಸತ್ತ. 1435ರಲ್ಲಿ ಅಲೆಕ್ಸಾಂಡರ್ ಸತ್ತಾಗ ರಾಜ ಸೀಮೆಯನ್ನು ತನ್ನ ವಶಕ್ಕೆ ತೆಗೆದುಕೊಂಡ.

ಇಸಬೆಲ್‌ಳ ನಿಜವಾದ ವಾರಸುದಾರ ಆಗ ಇದ್ದ. ಅವನ ಹೆಸರು ಸರ್ ರಾಬರ್ಟ್ ಅರ್ಸ್ಕಿನ್. ಅವನಿಗೆ ಹಕ್ಕು ಬಂದ ದಾರಿ ನೋಡಿ. ಹಳೆಯ ಅರ್ಲ್ ಗಾರ್ಟ್‌ನೆಟ್‌ನ ಮಗಳು ಎಲೆನ್. ಎಲೆನ್‌ಳ ಮಗಳು ಕ್ರಿಶ್ಚಿಯನ್. ಕ್ರಿಶ್ಚಿಯನ್‌ಳ ಮಗಳು ಜಾನೆಟ್. ಜಾನೆಟ್‌ಳ ಮಗ ರಾಬರ್ಟ್. ಸಾಲಾಗಿ ಮೂವರು ಹೆಂಗಸರು. 1438ರಲ್ಲಿ ಸ್ಥಳೀಯ ನ್ಯಾಯಸಭೆ ಅವನೇ ವಾರಸುದಾರ ಅಂತ ಒಪ್ಪಿತು. ಆದರೆ ಸೀಮೆ ದೊಡ್ಡದು, ಆದಾಯ ದೊಡ್ಡದು. ಅದನ್ನು ಬಿಟ್ಟುಕೊಡಲು ರಾಜಮನೆತನಕ್ಕೆ ಮನಸ್ಸಿರಲಿಲ್ಲ. 1457ರಲ್ಲಿ 2ನೇ ಜೇಮ್ಸ್ ಅಬರ್ಡೀನ್‌ನಲ್ಲಿ ಇನ್ನೊಂದು ನ್ಯಾಯಸಭೆ ಕೂಡಿಸಿದ. ಹಳೆಯ ತೀರ್ಮಾನ ತಪ್ಪು ಅಂತ ಅದು ಹೇಳಿತು. ಮಾರ್ ರಾಜನ ಪಾಲಾಯಿತು. ಆಮೇಲೆ ನೂರು ವರ್ಷ ರಾಜರು ಅದನ್ನು ತಮ್ಮ ಮಕ್ಕಳಿಗೆ, ಬೇಕಾದವರಿಗೆ ಕೊಡುತ್ತಾ ಹೋದರು. ಈ ನಡುವಿನ ಅರ್ಲ್‌ಗಳ ವಿವರ ನಿಮ್ಮ ಪ್ರಶ್ನೆಗೆ ಬೇಕಾಗಿಲ್ಲ. ಅವರಲ್ಲಿ ಯಾರ ಸಂತತಿಯೂ ಪಟ್ಟದಲ್ಲಿ ಉಳಿಯಲಿಲ್ಲ.

ಅರ್ಸ್ಕಿನ್ ಮನೆತನ ಮಾತ್ರ ತನ್ನ ಹಕ್ಕನ್ನು ಮರೆಯಲಿಲ್ಲ. 1565ರ ಜೂನ್ 23ರಂದು ಸ್ಕಾಟ್ಲೆಂಡಿನ ರಾಣಿ ಮೇರಿ ಲಾರ್ಡ್ ಜಾನ್ ಅರ್ಸ್ಕಿನ್‌ಗೆ ಮಾರ್ ಸೀಮೆಯನ್ನು ಮರಳಿ ಕೊಟ್ಟಳು. ಆ ಸನದಿನಲ್ಲಿ ಕಾರಣವನ್ನೂ ಬರೆದಿದೆ. ಇವನು ಇಸಬೆಲ್‌ಳ ನ್ಯಾಯವಾದ ವಾರಸುದಾರ, ಇವನ ಹಿರಿಯರಿಗೆ ಅನ್ಯಾಯವಾಗಿದೆ, ಅದನ್ನು ಸರಿಪಡಿಸುತ್ತಿದ್ದೇನೆ ಅಂತ. ವಾರಸುದಾರರು ಅಂದರೆ ಗಂಡು ಸಂತತಿ ಮಾತ್ರ ಅಂತ ಅದರಲ್ಲಿಲ್ಲ. ಈ ಜಾನ್ ಆಮೇಲೆ ರಾಜ್ಯದ ರೀಜೆಂಟ್ ಆದ, 1572ರಲ್ಲಿ ತೀರಿಕೊಂಡ. ಅವನ ಮಗ ಕೈಬಿಟ್ಟುಹೋದ ಜಮೀನುಗಳಿಗಾಗಿ ಜೀವನಪೂರ್ತಿ ಕೋರ್ಟು ಕಚೇರಿ ಅಲೆದ. 1587ರಲ್ಲಿ ಸಂಸತ್ತಿನಿಂದ ಕಾಯ್ದೆ ಮಾಡಿಸಿದ, 1626ರಲ್ಲಿ ಎಡಿನ್‌ಬರ್ಗಿನ ದೊಡ್ಡ ಕೋರ್ಟಿನಲ್ಲಿ ಗೆದ್ದ. ಎರಡರಲ್ಲೂ ಅವನ ವಾದ ಒಂದೇ: ನಾನು ಇಸಬೆಲ್‌ಳ ವಾರಸುದಾರ.

ಸುಮಾರು ನೂರೈವತ್ತು ವರ್ಷ ಈ ಪಟ್ಟ ತಂದೆಯಿಂದ ಮಗನಿಗೆ ಇಳಿದು ಬಂತು. ಹಾಗಾಗಿ ಹೆಣ್ಣಿನ ಕಡೆಯೋ ಗಂಡಿನ ಕಡೆಯೋ ಅಂತ ಕೇಳುವ ಸಂದರ್ಭವೇ ಬರಲಿಲ್ಲ. ಅದು ಬಂದದ್ದು 1715ರ ಬಂಡಾಯದಿಂದ.

ಆಗಿನ ಅರ್ಲ್ ಜಾನ್ ಅರ್ಸ್ಕಿನ್ ರಾಣಿ ಆ್ಯನ್ ಕಾಲದಲ್ಲಿ ಮಂತ್ರಿಯಾಗಿದ್ದವನು. ಆಗಾಗ ಪಕ್ಷ ಬದಲಿಸುತ್ತಿದ್ದುದರಿಂದ ಜನ ಅವನನ್ನು 'ಬಾಬಿಂಗ್ ಜಾನ್' ಅಂತ ಕರೆದರು. 1714ರಲ್ಲಿ ಜರ್ಮನಿಯಿಂದ ಬಂದ ರಾಜ 1ನೇ ಜಾರ್ಜ್ ಇವನನ್ನು ಕೆಲಸದಿಂದ ತೆಗೆದ. ಮರುವರ್ಷ ಇವನು ಸದ್ದಿಲ್ಲದೆ ಲಂಡನ್ನಿನಿಂದ ಉತ್ತರಕ್ಕೆ ಹೊರಟ. ಬೇಟೆಯ ನೆಪದಲ್ಲಿ ಗಣ್ಯರನ್ನು ಸೇರಿಸಿದ. 1715ರ ಸೆಪ್ಟೆಂಬರ್ 6ರಂದು ಬ್ರೇಮಾರ್‌ನಲ್ಲಿ, ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ವಂಶದ ಪರವಾಗಿ ಬಾವುಟ ಏರಿಸಿದ. ನವೆಂಬರ್ 13ರಂದು ಶೆರಿಫ್‌ಮ್ಯೂರ್‌ನಲ್ಲಿ ಯುದ್ಧವಾಯಿತು. ಇವನ ಕಡೆ ಜನ ಜಾಸ್ತಿ ಇದ್ದರು. ಆದರೂ ಗೆಲುವು ದಕ್ಕಿಸಿಕೊಳ್ಳಲಿಲ್ಲ. 1716ರಲ್ಲಿ ದೇಶ ಬಿಟ್ಟು ಓಡಿದ. ರಾಜದ್ರೋಹದ ಕಾಯ್ದೆಯಡಿ ಪಟ್ಟವೂ ಹೋಯಿತು, ಆಸ್ತಿಯೂ ಮುಟ್ಟುಗೋಲಾಯಿತು. 1732ರಲ್ಲಿ ಜರ್ಮನಿಯ ಆಖೆನ್ ಊರಲ್ಲಿ ಸತ್ತ.

ಆಸ್ತಿಯ ಒಂದಷ್ಟು ಭಾಗವನ್ನು ಅವನ ತಮ್ಮ ಲಾರ್ಡ್ ಗ್ರೇಂಜ್, ಇನ್ನೊಬ್ಬ ಬಂಧುವಿನ ಜೊತೆ ಸೇರಿ ಸರ್ಕಾರದಿಂದ ಕೊಂಡು ಮನೆತನಕ್ಕೆ ಉಳಿಸಿದ. ಅವನು ಸ್ವತಃ ನ್ಯಾಯಾಧೀಶ. ಅದೇ ಮನುಷ್ಯ 1732ರಲ್ಲಿ ತನ್ನ ಹೆಂಡತಿ ರೇಚಲ್ ಚೀಸ್ಲಿಯನ್ನು ಎಡಿನ್‌ಬರ್ಗಿನಿಂದ ಅಪಹರಿಸಿ, ದೂರದ ದ್ವೀಪಗಳಲ್ಲಿ ಬಚ್ಚಿಡಿಸಿದ. ಅಟ್ಲಾಂಟಿಕ್ ಸಾಗರದ ಸೇಂಟ್ ಕಿಲ್ಡಾದಲ್ಲಿ ಆಕೆ ವರ್ಷಗಟ್ಟಲೆ ಇದ್ದಳು. ಬಿಡುಗಡೆ ಸಿಗದೆ 1745ರಲ್ಲಿ ಸ್ಕೈ ದ್ವೀಪದಲ್ಲಿ ಸತ್ತಳು. ಪಟ್ಟದ ಕಥೆಗೆ ಇದು ನೇರವಾಗಿ ಬೇಕಿಲ್ಲ. ಆದರೆ ಈ ಮನೆತನದ ಹೆಣ್ಣುಮಕ್ಕಳ ಬಗ್ಗೆ ಬರೆಯುವಾಗ ಅವಳನ್ನು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಈಗ ಗಂಟು ಬೀಳುವ ಜಾಗಕ್ಕೆ ಬಂದೆವು. ಬಾಬಿಂಗ್ ಜಾನ್‌ನ ಮಗ ಥಾಮಸ್ ಮಕ್ಕಳಿಲ್ಲದೆ 1766ರಲ್ಲಿ ಸತ್ತ. ಮಗಳು ಫ್ರಾನ್ಸಿಸ್ ತನ್ನ ಚಿಕ್ಕಪ್ಪ ಲಾರ್ಡ್ ಗ್ರೇಂಜ್‌ನ ಮಗ ಜೇಮ್ಸ್‌ನನ್ನು ಮದುವೆಯಾಗಿದ್ದಳು. ಚಿಕ್ಕಪ್ಪನ ಮಗ ನಮ್ಮಲ್ಲಿ ಅಣ್ಣ-ತಮ್ಮನ ಲೆಕ್ಕ, ಅಲ್ಲಿ ಅಂಥ ಮದುವೆಗೆ ಅಡ್ಡಿ ಇರಲಿಲ್ಲ. ಅವರ ಮಗ ಜಾನ್ ಫ್ರಾನ್ಸಿಸ್ ಅರ್ಸ್ಕಿನ್, ಹುಟ್ಟಿದ್ದು 1741ರಲ್ಲಿ. ಇವನಿಗೆ ತಾಯಿಯ ಕಡೆಯಿಂದ ನೋಡಿದರೆ ಬಾಬಿಂಗ್ ಜಾನ್ ಅಜ್ಜ. ತಂದೆಯ ಕಡೆಯಿಂದ ನೋಡಿದರೆ ಅಜ್ಜನ ಅಣ್ಣ. ಹೆಣ್ಣಿನ ದಾರಿಯಲ್ಲಿ ಎಣಿಸಿದರೂ ಇವನೇ ವಾರಸುದಾರ, ಗಂಡಿನ ದಾರಿಯಲ್ಲಿ ಎಣಿಸಿದರೂ ಇವನೇ.

1822ರಲ್ಲಿ 4ನೇ ಜಾರ್ಜ್ ಸ್ಕಾಟ್ಲೆಂಡಿಗೆ ಭೇಟಿ ಕೊಟ್ಟ ಮೇಲೆ ಬಂಡಾಯದ ಕಾಲದಲ್ಲಿ ಪಟ್ಟ ಕಳೆದುಕೊಂಡ ಕೆಲವು ಮನೆತನಗಳಿಗೆ ಕ್ಷಮೆ ಸಿಕ್ಕಿತು. 1824ರಲ್ಲಿ ಸಂಸತ್ತು ಜಾನ್ ಫ್ರಾನ್ಸಿಸ್‌ಗೆ ಮಾರ್ ಪಟ್ಟ ಮರಳಿಸಿತು. ಆಗ ಅವರಿಗೆ 80 ದಾಟಿತ್ತು. ಮರುವರ್ಷ ತೀರಿಕೊಂಡರು. ಆ ಕಾಯ್ದೆ ಅವರನ್ನು ಪಟ್ಟ ಕಳೆದುಕೊಂಡ ಅರ್ಲ್‌ನ 'ಮೊಮ್ಮಗ' ಅಂತ ಕರೆಯಿತು. ಮೊಮ್ಮಗ ಅನ್ನಬೇಕಾದರೆ ತಾಯಿಯ ದಾರಿಯಲ್ಲೇ ಎಣಿಸಬೇಕು, ಬೇರೆ ದಾರಿ ಇಲ್ಲ. ಈ ಒಂದು ಪದಕ್ಕೆ ಆಮೇಲೆ ಬಂದ ನ್ಯಾಯಾಧೀಶರು ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ ಅಂತ ನನ್ನ ಅಭಿಪ್ರಾಯ.

ಅವರ ಮೊಮ್ಮಗ ಜಾನ್ ಫ್ರಾನ್ಸಿಸ್ ಮಿಲ್ಲರ್ ಅರ್ಸ್ಕಿನ್‌ಗೆ ಇನ್ನೊಂದು ಪಟ್ಟವೂ ಬಂತು. ಅದು ಕೆಲ್ಲಿ ಅರ್ಲ್ ಪದವಿ. 1619ರಲ್ಲಿ ಅರ್ಸ್ಕಿನ್ ಕುಲದ ಕಿರಿಯ ಶಾಖೆಗೆ ಕೊಟ್ಟದ್ದು, ಗಂಡು ಸಂತತಿಗೆ ಮಾತ್ರ. ಆ ಶಾಖೆ ನಿಂತುಹೋದಾಗ 1835ರಲ್ಲಿ ಇವರ ಹಕ್ಕನ್ನು ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ಒಪ್ಪಿತು. ಪಟ್ಟದ ಜಗಳಗಳನ್ನು ತೀರ್ಮಾನಿಸುತ್ತಿದ್ದದ್ದೂ ಅದೇ. ಹೀಗೆ ಎರಡು ಪಟ್ಟ ಒಬ್ಬರ ತಲೆಯ ಮೇಲೆ ಕೂತವು. 1866ರಲ್ಲಿ ಇವರು ಮಕ್ಕಳಿಲ್ಲದೆ ತೀರಿಕೊಂಡರು.

ಕೆಲ್ಲಿ ಪಟ್ಟ ಯಾರಿಗೆ ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಅದು ಚಿಕ್ಕಪ್ಪನ ಮಗ ವಾಲ್ಟರ್ ಕಾನಿಂಗ್ಸ್‌ಬಿ ಅರ್ಸ್ಕಿನ್‌ಗೆ ಹೋಯಿತು. ಈತ ಭಾರತಕ್ಕೆ ಹೊಸಬನಲ್ಲ. ಕಂಪನಿಯ ಬಂಗಾಳ ಸೇನೆಯಲ್ಲಿದ್ದವನು. 1857ರಲ್ಲಿ ಜಬಲ್‌ಪುರದ ಕಮಿಷನರ್ ಆಗಿದ್ದ. ಗೊಂಡ ರಾಜ ಶಂಕರ ಶಾ ಮತ್ತು ಅವರ ಮಗ ರಘುನಾಥ ಶಾ ಅವರನ್ನು ತೋಪಿನ ಬಾಯಿಗೆ ಕಟ್ಟಿ ಕೊಂದದ್ದು ಆ ವರ್ಷ, ಆ ಊರಲ್ಲಿ, ಇವನ ಆಡಳಿತದಲ್ಲೇ.

ಮಾರ್ ಪಟ್ಟವನ್ನು ಮಾತ್ರ ಸತ್ತ ಅರ್ಲ್‌ನ ಸೋದರಿ ಫ್ರಾನ್ಸಿಸ್ ಜೆಮೈಮಾಳ ಮಗ ಜಾನ್ ಗುಡೀವ್ ಧರಿಸಿದ. ತನ್ನ ಹೆಸರನ್ನು ಗುಡೀವ್-ಅರ್ಸ್ಕಿನ್ ಅಂತ ಮಾಡಿಕೊಂಡ. ಮೊದಲಿಗೆ ಹೆಚ್ಚಿನ ಜನ ಇದನ್ನು ಸಹಜ ಅಂತಲೇ ಒಪ್ಪಿದರು. ಪಟ್ಟ ಇಸಬೆಲ್‌ಳ ವಾರಸುದಾರರದು, ಸೋದರಿಯ ಮಗ ಅತಿ ಹತ್ತಿರದ ವಾರಸುದಾರ, ಇನ್ನೇನು? ಆದರೆ ಮರುವರ್ಷ ಕೆಲ್ಲಿ ಅರ್ಲ್, ಮಾರ್ ಕೂಡ ತನ್ನದೇ ಅಂತ ಲಾರ್ಡ್ಸ್ ಸಭೆಗೆ ಅರ್ಜಿ ಹಾಕಿದ. 1872ರಲ್ಲಿ ಅವನು ಸತ್ತ ಮೇಲೆ ಮಗ ವಾಲ್ಟರ್ ಹೆನ್ರಿ ಮುಂದುವರಿಸಿದ.

1875ರ ಫೆಬ್ರವರಿಯಲ್ಲಿ ತೀರ್ಪು ಬಂತು. ಕೇಳಿದವರು ಲಾರ್ಡ್ ಕೇರ್ನ್ಸ್, ಲಾರ್ಡ್ ಚೆಲ್ಮ್ಸ್‌ಫರ್ಡ್, ಲಾರ್ಡ್ ರೆಡೆಸ್‌ಡೇಲ್. ಅವರ ವಾದ ಸುಮಾರಾಗಿ ಹೀಗಿತ್ತು. ಹಳೆಯ ಮಾರ್ ಪಟ್ಟ ಮೇರಿ ರಾಣಿಯ ಕಾಲಕ್ಕೆ ನೂರು ವರ್ಷ ಮೊದಲೇ ಮುಗಿದುಹೋಗಿತ್ತು. 1565ರ ಜೂನ್ ಸನದು ಜಮೀನಿನದು ಮಾತ್ರ, ಪಟ್ಟದ್ದಲ್ಲ. ಅದಾದ ಮೇಲೂ ಕೆಲವು ವಾರ ಜಾನ್ ಅರ್ಸ್ಕಿನ್‌ನನ್ನು ದಾಖಲೆಗಳಲ್ಲಿ ಲಾರ್ಡ್ ಅರ್ಸ್ಕಿನ್ ಅಂತಲೇ ಬರೆದಿದ್ದಾರೆ. ಜುಲೈ 29ರಂದು ರಾಣಿ ಲಾರ್ಡ್ ಡಾರ್ನ್ಲಿ ಎಂಬ ಗಣ್ಯನನ್ನು ಮದುವೆಯಾದ ಹೊತ್ತಿನಿಂದ ಅವನು ಮಾರ್ ಅರ್ಲ್ ಅನ್ನಿಸಿಕೊಂಡಿದ್ದಾನೆ. ಅಂದರೆ ಆ ಮದುವೆಯ ಸಮಯದಲ್ಲಿ ರಾಣಿ ಒಂದು ಹೊಸ ಪಟ್ಟ ಕಟ್ಟಿರಬೇಕು. ಅದಕ್ಕೆ ಪತ್ರ ಸಿಕ್ಕಿಲ್ಲ. ಪತ್ರ ಸಿಗದಿದ್ದಾಗ ಗಂಡು ಸಂತತಿಗೆ ಅಂತಲೇ ಊಹಿಸಬೇಕು. ಈ ಕೊನೆಯ ನಿಯಮ ಅವರು ಹೊಸದಾಗಿ ಕಂಡುಹಿಡಿದದ್ದಲ್ಲ. 1762ರ ಕ್ಯಾಸಿಲಿಸ್ ಮೊಕದ್ದಮೆಯಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಹಾಕಿಕೊಟ್ಟದ್ದು.

ನಾನು ಈ ತೀರ್ಪನ್ನು ಎಷ್ಟು ಸಲ ಓದಿದರೂ ಒಪ್ಪಲು ಆಗುವುದಿಲ್ಲ. ಮೊದಲನೆಯದಾಗಿ, ಯಾರೂ ಕಾಣದ ಒಂದು ಸಮಾರಂಭ, ಯಾರೂ ಕಾಣದ ಒಂದು ಪತ್ರ, ಅದರೊಳಗಿನ ಷರತ್ತಿನ ಬಗ್ಗೆ ಒಂದು ಊಹೆ. ಹೀಗೆ ಊಹೆಯ ಮೇಲೆ ಊಹೆ. ಕಣ್ಣೆದುರು ಇರುವ ಸನದು 'ಇಸಬೆಲ್‌ಳ ವಾರಸುದಾರ' ಅಂತ ಹೇಳುತ್ತಿರುವಾಗ ಅದನ್ನು ಜಮೀನಿಗೆ ಮಾತ್ರ ಅಂತ ಕತ್ತರಿಸಿಟ್ಟರು. ಎರಡನೆಯದು ಇನ್ನೂ ಗಟ್ಟಿ. 1606ರಲ್ಲಿ ಸ್ಕಾಟ್ಲೆಂಡಿನಲ್ಲಿ ಯಾವ ಗಣ್ಯ ಯಾರಿಗಿಂತ ಮುಂದೆ ಕೂರಬೇಕು ಅಂತ ತೀರ್ಮಾನಿಸುವ ಒಂದು ಆಯೋಗ ಕೂತಿತ್ತು. ಎಲ್ಲರೂ ತಮ್ಮ ಹಳೆಯ ಪತ್ರಗಳನ್ನು ತಂದು ತೋರಿಸಬೇಕಿತ್ತು. ಆ ಪಟ್ಟಿಯಲ್ಲಿ ಮಾರ್ ಇರುವುದು ರಾಥೆಸ್, ಮಾರ್ಟನ್, ಎಗ್ಲಿಂಟನ್, ಕ್ಯಾಸಿಲಿಸ್ ಅರ್ಲ್‌ಗಳಿಗಿಂತ ಮೇಲೆ. ಇವರೆಲ್ಲರ ಪಟ್ಟಗಳೂ 1565ಕ್ಕಿಂತ ಹಳೆಯವು. ಮಾರ್ ಪಟ್ಟ 1565ರಲ್ಲಿ ಹೊಸದಾಗಿ ಹುಟ್ಟಿದ್ದಾದರೆ ಇವರು ತಮ್ಮ ತಲೆಯ ಮೇಲೆ ಅದನ್ನು ಕೂರಲು ಬಿಡುತ್ತಿದ್ದರೇ? ಮುಂದಿನ ಕುರ್ಚಿಗಾಗಿ ಕತ್ತಿ ಹಿರಿಯುತ್ತಿದ್ದ ಕಾಲ ಅದು. 1565 ಆಗಿ ಬರೀ 41 ವರ್ಷವಾಗಿತ್ತು, ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು.

ಇನ್ನೊಂದು ಹೋಲಿಕೆಯೂ ಇತ್ತು. ಸದರ್ಲೆಂಡ್ ಎಂಬ ಅಷ್ಟೇ ಹಳೆಯ ಅರ್ಲ್ ಪದವಿಗೆ ಇದೇ ಥರದ ಜಗಳವಾಗಿ, 1771ರಲ್ಲಿ ಅದೇ ಲಾರ್ಡ್ಸ್ ಸಭೆ ಎಲಿಜಬೆತ್ ಎಂಬ ಪುಟ್ಟ ಹುಡುಗಿಯ ಪರ ತೀರ್ಪು ಕೊಟ್ಟಿತ್ತು. ಹಳೆಯ ಸ್ಕಾಟಿಷ್ ಪಟ್ಟಗಳು ಹೆಣ್ಣಿಗೆ ಇಳಿಯುತ್ತಿದ್ದವು ಅಂತ ಆಗ ಒಪ್ಪಿದ್ದರು.

ಸ್ಕಾಟ್ಲೆಂಡಿನಲ್ಲಿ ದೊಡ್ಡ ಗಲಾಟೆ ಎದ್ದಿತು. ಸ್ಕಾಟಿಷ್ ಪಟ್ಟದ ಕಾನೂನು ಗೊತ್ತಿಲ್ಲದವರು ಲಂಡನ್ನಿನಲ್ಲಿ ಕೂತು ತೀರ್ಮಾನ ಮಾಡಿದರು ಅನ್ನುವ ಸಿಟ್ಟು ಅದು. ಕ್ರಾಫರ್ಡ್ ಅರ್ಲ್ ಅಲೆಕ್ಸಾಂಡರ್ ಲಿಂಡ್ಸೆ ತನ್ನ ಕೊನೆಯ ವರ್ಷಗಳಲ್ಲಿ ಈ ತೀರ್ಪನ್ನು ಸಾಲು ಸಾಲಾಗಿ ಬಿಡಿಸಿ ಎರಡು ಸಂಪುಟ ಬರೆದರು. ಅವರು ತೀರಿಕೊಂಡ ಮೇಲೆ 1882ರಲ್ಲಿ ಅದು ಅಚ್ಚಾಯಿತು. ಅವರಿಗೆ ಈ ಪಟ್ಟದಿಂದ ಕವಡೆ ಕಾಸಿನ ಲಾಭ ಇರಲಿಲ್ಲ. ನ್ಯಾಯ ಆಗಲಿ ಅಂತ ಅಷ್ಟೂ ಶ್ರಮಪಟ್ಟರು. ನನಗೆ ಅವರ ಮೇಲೆ ತುಂಬ ಗೌರವ.

ಲಾರ್ಡ್ಸ್ ಸಭೆ ಕೊಟ್ಟ ತೀರ್ಪಿನ ಮೇಲೆ ಅಪೀಲು ಹಾಕಲು ಬೇರೆ ಕೋರ್ಟು ಇಲ್ಲ. ಉಳಿದದ್ದು ಸಂಸತ್ತಿನ ಕಾಯ್ದೆ ಒಂದೇ. 1885ರಲ್ಲಿ ಅದು ಬಂತು. ಅದು 1875ರ ತೀರ್ಪನ್ನು ತಪ್ಪು ಅಂತ ಹೇಳಲಿಲ್ಲ. ಹಳೆಯ ಪಟ್ಟ ನಿಜವಾಗಿ ಕೊನೆಗೊಂಡಿತ್ತೇ ಇಲ್ಲವೇ ಅನ್ನುವುದರಲ್ಲಿ ಅನುಮಾನ ಇದೆ, ಆದ್ದರಿಂದ ಅದನ್ನು ಗುಡೀವ್-ಅರ್ಸ್ಕಿನ್‌ಗೆ ಮರಳಿಸುತ್ತೇವೆ ಅಂದಿತು. ಹೀಗೆ ಎರಡು ಮಾರ್ ಪಟ್ಟಗಳಾದವು. ಹಳೆಯದು ಸೋದರಳಿಯನಿಗೆ, ಹೆಣ್ಣಿನ ಕಡೆಗೂ ಇಳಿಯುವಂಥದ್ದು. 1565ರದು ದಾಯಾದಿಗೆ, ಗಂಡಿನ ಕಡೆಗೆ ಮಾತ್ರ. ಎರಡನೆಯದು ಕೆಲ್ಲಿ ಪಟ್ಟದ ಜೊತೆ ಸೇರಿಕೊಂಡದ್ದರಿಂದ 'ಮಾರ್ ಅಂಡ್ ಕೆಲ್ಲಿ' ಅಂತ ಬರೆಯುತ್ತಾರೆ. ಇಬ್ಬರನ್ನು ಗುರುತಿಸಲು ಇದೇ ಸುಲಭದ ದಾರಿ. ಕೆಲ್ಲಿ ಇದ್ದರೆ 1565ರ ಶಾಖೆ, ಬರೀ ಮಾರ್ ಇದ್ದರೆ ಹಳೆಯದು.

ಇನ್ನು ಹೆಣ್ಣುಮಕ್ಕಳ ಪ್ರಶ್ನೆ. ಬ್ರಿಟನ್ನಿನ ಹೆಚ್ಚಿನ ಪಟ್ಟಗಳು ಗಂಡು ಸಂತತಿಗೆ ಮಾತ್ರ. ಹಳೆಯ ಸ್ಕಾಟಿಷ್ ಪಟ್ಟಗಳಲ್ಲಿ ಕೆಲವು ಹೆಣ್ಣಿಗೂ ಬರುತ್ತವೆ. ಅಲ್ಲಿಯೂ ಗಂಡು ಮಗನಿಗೇ ಮೊದಲ ಹಕ್ಕು. ಅವನಿಲ್ಲದಿದ್ದರೆ ಹಿರಿಯ ಮಗಳಿಗೆ. ಇಂಗ್ಲೆಂಡಿನ ಕೆಲವು ಹಳೆಯ ಬ್ಯಾರನ್ ಪಟ್ಟಗಳಲ್ಲಿ ಇಬ್ಬರು ಮೂವರು ಹೆಣ್ಣುಮಕ್ಕಳಿದ್ದರೆ ಎಲ್ಲರಿಗೂ ಸಮಪಾಲು ಅಂತಾಗಿ, ಪಟ್ಟ ಯಾರಿಗೂ ಸಿಗದೆ ನೇತಾಡುತ್ತದೆ. ಸ್ಕಾಟ್ಲೆಂಡಿನಲ್ಲಿ ಹಾಗಿಲ್ಲ, ಹಿರಿಯವಳಿಗೇ ನೇರವಾಗಿ ಹೋಗುತ್ತದೆ.

ನೀವು ಓದಿದ ಕೌಂಟೆಸ್ ಮಾರ್ಗರೆಟ್ ಬಂದದ್ದು ಹೀಗೆ. ಗುಡೀವ್-ಅರ್ಸ್ಕಿನ್ 1930ರಲ್ಲಿ, ಅವರ ಮಗ 1932ರಲ್ಲಿ ತೀರಿಕೊಂಡ ಮೇಲೆ ಪಟ್ಟ ಮತ್ತೆ ಸೋದರಿಯರ ಸಂತತಿಗೆ ಹೋಯಿತು. 30ನೇ ಅರ್ಲ್ ಜೇಮ್ಸ್ 1975ರಲ್ಲಿ ತೀರಿಕೊಂಡಾಗ ಅವರ ಮಗ ಬದುಕಿರಲಿಲ್ಲ. ಹಿರಿಯ ಮಗಳು ಮಾರ್ಗರೆಟ್ 31ನೇ ಪಟ್ಟಾಧಿಕಾರಿಯಾದರು. ಅಷ್ಟರಲ್ಲಿ ಕಾನೂನೂ ಬದಲಾಗಿತ್ತು. 1707ರಿಂದ ಸ್ಕಾಟ್ಲೆಂಡಿನ ಗಣ್ಯರು ತಮ್ಮೊಳಗೆ 16 ಜನರನ್ನು ಮಾತ್ರ ಆರಿಸಿ ಲಂಡನ್ನಿಗೆ ಕಳಿಸಬಹುದಿತ್ತು. ಹೆಂಗಸರಿಗೆ ಜಾಗವೇ ಇರಲಿಲ್ಲ. 1963ರ ಕಾಯ್ದೆ ಸ್ಕಾಟಿಷ್ ಗಣ್ಯರೆಲ್ಲರಿಗೂ, ಸ್ವಂತ ಹಕ್ಕಿನಿಂದ ಪಟ್ಟ ಪಡೆದ ಹೆಂಗಸರಿಗೂ ಲಾರ್ಡ್ಸ್ ಸಭೆಯ ಬಾಗಿಲು ತೆರೆಯಿತು. ಮಾರ್ಗರೆಟ್ ಆ ಬಾಗಿಲಿಂದ ಒಳಗೆ ಹೋದವರು.

ಅವರು ಸುಮ್ನೆ ಕೂತು ಬಂದವರಲ್ಲ. ಸ್ವತಃ ರೈತ ಮಹಿಳೆ, ಆಡು ಸಾಕಿ ಚೀಸ್ ಮಾಡುತ್ತಿದ್ದವರು. 1989ರಲ್ಲಿ ಕುರಿಗಳಿಗೆ ಔಷಧಿ ಸ್ನಾನ ಮಾಡಿಸುವಾಗ ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕದ ವಿಷ ತಗುಲಿ ಅವರ ಆರೋಗ್ಯ ಕೆಟ್ಟಿತು. ಅಲ್ಲಿಂದ ಮುಂದೆ ಆ ರಾಸಾಯನಿಕಗಳಿಂದ ನರಳುವ ರೈತರ ಪರ ಸಭೆಯಲ್ಲಿ ವರ್ಷಗಟ್ಟಲೆ ದನಿ ಎತ್ತಿದರು. 1999ರಲ್ಲಿ ವಂಶಪಾರಂಪರ್ಯದ ಸದಸ್ಯರನ್ನು 92ಕ್ಕೆ ಇಳಿಸಿದಾಗಲೂ ಸಹಸದಸ್ಯರು ಅವರನ್ನು ಆರಿಸಿ ಉಳಿಸಿಕೊಂಡರು. 2020ರಲ್ಲಿ ಅವರು ನಿವೃತ್ತರಾದಾಗ ಆ ಗುಂಪಿನಲ್ಲಿ ಒಬ್ಬ ಮಹಿಳೆಯೂ ಉಳಿಯಲಿಲ್ಲ. ಇನ್ನೊಂದು ಶಾಖೆಯ ಜೇಮ್ಸ್ ಅರ್ಸ್ಕಿನ್, ಅಂದರೆ ಮಾರ್ ಅಂಡ್ ಕೆಲ್ಲಿ ಅರ್ಲ್, 1999ರಲ್ಲಿ ಸ್ಥಾನ ಕಳೆದುಕೊಂಡು, 2000ದಲ್ಲಿ ಆಜೀವ ಸದಸ್ಯರಾಗಿ ಮತ್ತೆ ಬಂದರು. ನೀವು ಇಬ್ಬರ ಹೆಸರನ್ನೂ ಒಟ್ಟಿಗೆ ಕಂಡದ್ದು ಅದಕ್ಕೇ.

ಕೊನೆಗೆ ಆ ಎರಡು ಸಂಖ್ಯೆಗಳು. 1885ರ ಕಾಯ್ದೆಯ ಪ್ರಕಾರ 1565ರಿಂದ 1866ರವರೆಗೆ ಇದ್ದ ಪ್ರತಿ ಮಾರ್ ಅರ್ಲ್ ಕೈಯಲ್ಲೂ ಎರಡು ಪಟ್ಟ ಇದ್ದವು ಅಂತ ಲೆಕ್ಕ. ಅವರಲ್ಲಿ ಯಾರಿಗೂ ಅದು ಬದುಕಿರುವಾಗ ಗೊತ್ತಿರಲಿಲ್ಲ. ಹಾಗಾಗಿ ಬಾಬಿಂಗ್ ಜಾನ್ ಹಳೆಯ ಪಟ್ಟದ ಎಣಿಕೆಯಲ್ಲಿ 23ನೆಯವನು, 1565ರ ಎಣಿಕೆಯಲ್ಲಿ 6ನೆಯವನು. 1866ರಲ್ಲಿ ಸತ್ತವರು 26 ಮತ್ತು 9. ಅವರಿಂದಾಚೆಗೆ ದಾರಿ ಕವಲೊಡೆಯುತ್ತದೆ. 27, 28 ಅಂತ ಮುಂದುವರಿದರೆ ಅದು ಹಳೆಯ ಶಾಖೆ. 10, 11 ಅಂತ ಹೋದರೆ ಕೆಲ್ಲಿ ಮನೆತನ. ಕೆಲವು ಪುಸ್ತಕಗಳಲ್ಲಿ ಇನ್ನೂ ಬೇರೆ ಸಂಖ್ಯೆಗಳು ಸಿಗಬಹುದು, ಮಧ್ಯಯುಗದ ಅರ್ಲ್‌ಗಳನ್ನು ಎಲ್ಲರೂ ಒಂದೇ ಥರ ಎಣಿಸುವುದಿಲ್ಲ. ಆಗ ಸಂಖ್ಯೆ ಬಿಟ್ಟು ಸತ್ತ ವರ್ಷ ನೋಡಿ, ವ್ಯಕ್ತಿ ಯಾರು ಅಂತ ತಕ್ಷಣ ಗೊತ್ತಾಗುತ್ತದೆ.